ಬೆಕ್ಕಿನ ಉಗುರು ತೆಗೆಸುವ ಮುನ್ನ

ಉಡುಪಿ: ಹೊಸದಾಗಿ ಕೊಂಡ ಸೋಫಾದ ಬದಿ ಒಂದೇ ವಾರದಲ್ಲಿ ಹರಿದು ನಾರುನಾರಾಗಿದೆ. ಕಿಟಕಿಯ ಪರದೆಯಿಂದ ಉದ್ದುದ್ದ ಎಳೆಗಳು ಕಿತ್ತು ನೇತಾಡುತ್ತಿವೆ. ಮಗುವಿನ ಮುಂಗೈ ಮೇಲೆ ಎರಡು ಕೆಂಪು ಗೆರೆ. ಬಾಡಿಗೆ ಮನೆಯಾದರೆ ಮುಂಗಡ ಹಣದಲ್ಲಿ ಎಷ್ಟು ಕಡಿತವಾದೀತೋ ಎಂಬ ಚಿಂತೆ ಬೇರೆ. ಮಣಿಪಾಲದ ಬಹುಮಹಡಿ ಕಟ್ಟಡಗಳಲ್ಲಿ ಬೆಕ್ಕು ಸಾಕಿದವರಿಗೆ ಈ ಚಿತ್ರ ಅಪರಿಚಿತವೇನಲ್ಲ. ಇಂಥ ಹೊತ್ತಿನಲ್ಲಿ ಹೊಳೆಯುವ ಉಪಾಯವೊಂದಿದೆ: ಬೆಕ್ಕಿನ ಉಗುರನ್ನೇ ತೆಗೆಸಿಬಿಟ್ಟರೆ ಹೇಗೆ? ಅಮೆರಿಕದಲ್ಲಿರುವ ನೆಂಟರ ಮನೆಯಲ್ಲಿ ಹಾಗೆ ಮಾಡಿಸಿದ್ದನ್ನು ಕೇಳಿದವರಿಗಂತೂ ಇದು ಸುಲಭದ ದಾರಿಯಾಗಿಯೇ ಕಾಣುತ್ತದೆ.

ಕರಾವಳಿಯ ಮನೆಗಳಿಗೆ ಬೆಕ್ಕು ಹೊಸತಲ್ಲ. ತುಳುವಿನ 'ಪುಚ್ಚೆ' ಇಲ್ಲದ ಹಂಚಿನ ಮನೆ ಹಿಂದೆ ಅಪರೂಪವೇ ಆಗಿತ್ತು. ಆದರೆ ಆ ಬೆಕ್ಕು ಅಟ್ಟದಲ್ಲಿ ಮಲಗಿ, ಅಂಗಳದ ಮರವನ್ನು ಗೀರಿ, ಗದ್ದೆಯ ಬದುವಿನಲ್ಲಿ ಇಲಿ ಹಿಡಿದು ಬದುಕುತ್ತಿತ್ತು. ಅದರ ಉಗುರು ಯಾರಿಗೂ ಸಮಸ್ಯೆಯಾಗಿರಲಿಲ್ಲ. ಬೆಕ್ಕು ಎರಡು ಕೋಣೆಗಳ ಫ್ಲ್ಯಾಟ್ ಸೇರಿದ ಮೇಲೆ ಎದ್ದ ಪ್ರಶ್ನೆ ಇದು.

ಉಗುರಲ್ಲ, ಬೆರಳ ತುದಿ

'ಡಿಕ್ಲಾಯಿಂಗ್' ಎಂದು ಕರೆಯಲಾಗುವ ಈ ಶಸ್ತ್ರಚಿಕಿತ್ಸೆಯ ಹೆಸರೇ ದಾರಿ ತಪ್ಪಿಸುವಂಥದ್ದು. ಉಗುರು ಕತ್ತರಿಸುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮನುಷ್ಯನ ಉಗುರು ಬೆರಳಿನ ಚರ್ಮದ ಮೇಲೆ ಹಾಸಿಕೊಂಡಿರುತ್ತದೆ. ಬೆಕ್ಕಿನ ಉಗುರು ಹಾಗಲ್ಲ; ಅದು ಬೆರಳಿನ ಕೊನೆಯ ಮೂಳೆಗೇ ಅಂಟಿಕೊಂಡು ಬೆಳೆಯುತ್ತದೆ. ಉಗುರು ಮರಳಿ ಬಾರದಂತೆ ಮಾಡಬೇಕಾದರೆ ಆ ಮೂಳೆಯನ್ನೇ ಕೀಲಿನ ಬಳಿ ಕತ್ತರಿಸಿ ತೆಗೆಯಬೇಕು. ಮನುಷ್ಯನಿಗೆ ಹೋಲಿಸಿದರೆ, ಪ್ರತಿ ಬೆರಳನ್ನೂ ಕೊನೆಯ ಗೆಣ್ಣಿನವರೆಗೆ ಕತ್ತರಿಸಿದಂತೆ. ಬೆಕ್ಕಿನ ಮುಂಗಾಲುಗಳಲ್ಲಿ ತಲಾ 5 ಬೆರಳುಗಳಿರುವುದರಿಂದ ಒಂದೇ ಬಾರಿಗೆ 10 ಅಂಗಚ್ಛೇದಗಳಾಗುತ್ತವೆ. ಹಿಂಗಾಲುಗಳನ್ನೂ ಸೇರಿಸಿದರೆ ಸಂಖ್ಯೆ 18.

ಕತ್ತರಿಸುವ ಸಾಧನ ಬ್ಲೇಡ್ ಆಗಿರಲಿ, ಲೇಸರ್ ಆಗಿರಲಿ, ಹೋಗುವುದು ಅದೇ ಮೂಳೆ. ಲೇಸರ್ ಬಳಸಿದರೆ ರಕ್ತಸ್ರಾವ ಕಡಿಮೆ ಎಂಬುದನ್ನು ಬಿಟ್ಟರೆ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ. ಮೂಳೆಯನ್ನು ಉಳಿಸಿ ಸ್ನಾಯುರಜ್ಜುವನ್ನು ಮಾತ್ರ ಕತ್ತರಿಸುವ ಇನ್ನೊಂದು ವಿಧಾನವೂ ಉಂಟು. ಅದರಲ್ಲಿ ಬೆಕ್ಕು ಉಗುರನ್ನು ಹೊರಚಾಚುವ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಉಗುರು ಬೆಳೆಯುತ್ತಲೇ ಇರುತ್ತದೆ. ತಾನಾಗಿ ಸವೆಸಿಕೊಳ್ಳಲಾಗದ ಆ ಉಗುರು ದಪ್ಪಗಾಗಿ, ಸುರುಳಿಯಾಗಿ, ಪಾದದ ಮೆತ್ತೆಗೇ ಚುಚ್ಚಿಕೊಳ್ಳುವ ಅಪಾಯವಿದೆ. ಜೀವನಪರ್ಯಂತ ಉಗುರು ಕತ್ತರಿಸುತ್ತಿರುವುದು ತಪ್ಪುವುದಿಲ್ಲ. ಹಾಗಿದ್ದ ಮೇಲೆ ಶಸ್ತ್ರಚಿಕಿತ್ಸೆ ಯಾತಕ್ಕಾಗಿ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಬೆಕ್ಕು ನಡೆಯುವುದು ಅಂಗಾಲಿನ ಮೇಲಲ್ಲ, ಬೆರಳುಗಳ ಮೇಲೆ. ಬೆರಳ ತುದಿ ಹೋದರೆ ದೇಹದ ಭಾರ ಬೀಳುವ ಜಾಗವೇ ಬದಲಾಗುತ್ತದೆ. 'ಜರ್ನಲ್ ಆಫ್ ಫೆಲೈನ್ ಮೆಡಿಸಿನ್ ಅಂಡ್ ಸರ್ಜರಿ' ಎಂಬ ಪಶುವೈದ್ಯಕೀಯ ನಿಯತಕಾಲಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 274 ಬೆಕ್ಕುಗಳನ್ನು ಪರೀಕ್ಷಿಸಿತ್ತು. ಅವುಗಳಲ್ಲಿ ಅರ್ಧದಷ್ಟು, ಅಂದರೆ 137, ಉಗುರು ತೆಗೆಸಿದವು. ಈ ಬೆಕ್ಕುಗಳಲ್ಲಿ ಬೆನ್ನುನೋವಿನ ಸಾಧ್ಯತೆ ಸುಮಾರು 3 ಪಟ್ಟು, ಕಚ್ಚುವ ಸಾಧ್ಯತೆ ಸುಮಾರು 4.5 ಪಟ್ಟು, ಕಂಡಕಂಡಲ್ಲಿ ಮಲಮೂತ್ರ ಮಾಡುವ ಸಾಧ್ಯತೆ ಸುಮಾರು 7 ಪಟ್ಟು ಹೆಚ್ಚಾಗಿ ಕಂಡುಬಂತು. ಎಕ್ಸ್-ರೇ ತೆಗೆದಾಗ ಶೇ. 63ರಷ್ಟು ಬೆಕ್ಕುಗಳ ಪಾದದಲ್ಲಿ ಕತ್ತರಿಸಿದ ಮೂಳೆಯ ಚೂರುಗಳು ಉಳಿದುಕೊಂಡಿದ್ದವು.

ಕಚ್ಚುವುದೇಕೆಂದರೆ, ಮೊದಲು ಎಚ್ಚರಿಕೆ ನೀಡಲು ಇದ್ದ ಆಯುಧ ಈಗ ಇಲ್ಲ, ಉಳಿದದ್ದು ಹಲ್ಲು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಗಾಯ ಸೋಂಕಿಗೆ ತುತ್ತಾಗುವುದು ಹೆಚ್ಚು. ಮರಳಿನ ತಟ್ಟೆಯನ್ನು ಬಿಟ್ಟು ಹಾಸಿಗೆಯನ್ನು ಹುಡುಕುವುದೇಕೆಂದರೆ, ನೋಯುವ ಪಾದಕ್ಕೆ ಮರಳು ಕೆದಕುವುದು ಹಿಂಸೆ. ಹೀಗೆ, ಸೋಫಾವನ್ನೂ ಮಗುವಿನ ಕೈಯನ್ನೂ ಉಳಿಸಲು ಹೊರಟವರು ಹಾಸಿಗೆಯನ್ನು ಕಳೆದುಕೊಂಡು, ಗೀರಿನ ಬದಲು ಕಡಿತವನ್ನು ತಂದುಕೊಳ್ಳುತ್ತಾರೆ.

ಕಂಬಳದಿಂದ ಪರಿಚಿತವಾದ ಕಾಯಿದೆ

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಹೆಸರು ಉಡುಪಿ ಜಿಲ್ಲೆಯ ಜನರಿಗೆ ಬೇರೆ ಕಾರಣಕ್ಕೆ ಚೆನ್ನಾಗಿ ಗೊತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ಬಗ್ಗೆ ನೀಡಿದ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ರಾಜ್ಯ ಸರಕಾರ ಕಾಯಿದೆಗೆ ತಿದ್ದುಪಡಿ ತರಬೇಕಾಯಿತು. ಆ ತಿದ್ದುಪಡಿಯನ್ನು ಸಂವಿಧಾನ ಪೀಠ ಎತ್ತಿಹಿಡಿದದ್ದು 2023ರ ಮೇ 18ರಂದು. ಮಿಯಾರು, ಕಟಪಾಡಿ ಕರೆಗಳ ಸುತ್ತ ವರ್ಷಗಟ್ಟಲೆ ಚರ್ಚೆಯಾದ ಈ ಕಾಯಿದೆ ಮನೆಯೊಳಗಿನ ಬೆಕ್ಕಿಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಕಾಯಿದೆಯಲ್ಲಿ 'ಡಿಕ್ಲಾಯಿಂಗ್' ಎಂಬ ಪದವಿಲ್ಲ. ಆದರೆ 11ನೇ ಸೆಕ್ಷನ್ ಪ್ರಾಣಿಯ ಅಂಗಭಂಗ ಮಾಡುವುದನ್ನು ಅಪರಾಧವೆಂದು ಹೇಳುತ್ತದೆ. ಅದೇ ಸೆಕ್ಷನ್ ಕೆಲವು ವಿನಾಯಿತಿಗಳನ್ನೂ ಕೊಟ್ಟಿದೆ: ನಿಗದಿತ ಕ್ರಮದಲ್ಲಿ ದನದ ಕೊಂಬು ತೆಗೆಯುವುದು, ಸಂತಾನಹರಣ, ಬರೆ ಹಾಕುವುದು, ಮೂಗುದಾರ ಹಾಕುವುದು. ಬೆಕ್ಕಿನ ಬೆರಳು ಕತ್ತರಿಸುವುದು ಈ ಪಟ್ಟಿಯಲ್ಲಿಲ್ಲ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಈ ಮೊತ್ತ ಇಂದು ನಗೆ ತರಿಸುತ್ತದೆ ಎಂಬುದು ನಿಜ. ಕಾಯಿದೆ ಯಾವ ಕಡೆಗೆ ನಿಂತಿದೆ ಎಂಬುದಂತೂ ಅದರಿಂದ ಬದಲಾಗುವುದಿಲ್ಲ. ಇನ್ನು, 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಪ್ರಾಣಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಸಾಕುಪ್ರಾಣಿ ಮಾರುವವರೋ ಕೂದಲು ಕತ್ತರಿಸುವವರೋ 'ಮಾಡಿಕೊಡುತ್ತೇವೆ' ಎಂದರೆ ಒಪ್ಪುವುದು ಸಲ್ಲದು.

ಹೊರ ದೇಶಗಳ ನಿಲುವು ಇನ್ನೂ ಸ್ಪಷ್ಟ. ಯುರೋಪಿನ ದೇಶಗಳು 1987ರಲ್ಲಿ ಮಾಡಿಕೊಂಡ ಸಾಕುಪ್ರಾಣಿ ಒಪ್ಪಂದ ಇದನ್ನು ನಿಷೇಧಿಸುತ್ತದೆ. ಈ ಪದ್ಧತಿ ಹೆಚ್ಚು ಬೇರೂರಿದ್ದ ಅಮೆರಿಕದಲ್ಲೂ ಗಾಳಿ ತಿರುಗಿದೆ. ಕ್ಯಾಲಿಫೋರ್ನಿಯಾದ ವೆಸ್ಟ್ ಹಾಲಿವುಡ್ ನಗರ 2003ರಲ್ಲಿ, ನ್ಯೂಯಾರ್ಕ್ ರಾಜ್ಯ 2019ರಲ್ಲಿ, ಮೇರಿಲ್ಯಾಂಡ್ 2022ರಲ್ಲಿ ನಿಷೇಧ ಹೇರಿದವು. ನೆಂಟರು ಹೇಳುವ ಕತೆ ಅಲ್ಲಿಯೇ ಹಳತಾಗುತ್ತಿದೆ.

ಬಾಗಿಲು ತೆರೆದಿರುವ ಊರಿನಲ್ಲಿ

ಉಗುರಿಲ್ಲದ ಬೆಕ್ಕನ್ನು ಹೊರಗೆ ಬಿಡುವಂತಿಲ್ಲ ಎಂಬುದು ಈ ಶಸ್ತ್ರಚಿಕಿತ್ಸೆಯನ್ನು ಸಮರ್ಥಿಸುತ್ತಿದ್ದವರೂ ಒಪ್ಪಿದ್ದ ಮಾತು. ಮಣಿಪಾಲದ ಆರನೇ ಮಹಡಿಯಲ್ಲಿ ಅದನ್ನು ಹೇಗೋ ಪಾಲಿಸಬಹುದು. ಕಾಪುವಿನ ಕಡಲ ಬದಿಯ ಮನೆಯಲ್ಲಿ ಮೀನಿನ ವಾಸನೆ ಬಂದ ಕಡೆಗೆ ಓಡುವ ಬೆಕ್ಕನ್ನು ಹಿಡಿದಿಡುವವರು ಯಾರು? ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಬೆಕ್ಕಿಗೆ ಉಳಿಗಾಲ ಇರುವುದು ಹತ್ತಿರದ ತೆಂಗಿನ ಮರದಲ್ಲಿ; ಮರವೇರಲು ಬೇಕಾದದ್ದು ಮುಂಗಾಲಿನ ಉಗುರು. ಕಾರ್ಕಳದ ತೋಟದ ಮನೆಗಳಲ್ಲಿ ನಾಯಿಯ ಜತೆಗೆ ಹಾವಿನ ಭಯವೂ ಇದೆ. ಅಲ್ಲಿ ಬೆಕ್ಕು ಸಾಕುವುದೇ ಇಲಿಗಾಗಿ. ಮಳೆಗಾಲದಲ್ಲಿ ಇಲಿಜ್ವರ ಕಾಣಿಸಿಕೊಳ್ಳುವ ಈ ಜಿಲ್ಲೆಯಲ್ಲಿ ಇಲಿ ಹಿಡಿಯಲಾಗದ ಬೆಕ್ಕು ಯಾರಿಗೆ ಬೇಕು?

ಕತ್ತದ ಹಗ್ಗವೇ ಮದ್ದು

ಬೆಕ್ಕು ಗೀರುವುದು ಹಟಕ್ಕಲ್ಲ. ಉಗುರಿನ ಮೇಲಿನ ಹಳೆಯ ಪದರ ಕಳಚಲು, ನಿದ್ದೆಯಿಂದೆದ್ದು ಬೆನ್ನು-ಭುಜಗಳನ್ನು ಎಳೆದು ಸಡಿಲಿಸಲು, ಬೆರಳುಗಳ ನಡುವಿನ ಗ್ರಂಥಿಗಳ ವಾಸನೆಯನ್ನು ಹಚ್ಚಿ 'ಇದು ನನ್ನ ಜಾಗ' ಎಂದು ಗುರುತಿಸಲು ಅದು ಗೀರುತ್ತದೆ. ಇದನ್ನು ನಿಲ್ಲಿಸುವುದು ಅಸಾಧ್ಯ. ಬೇರೆ ಕಡೆಗೆ ತಿರುಗಿಸುವುದು ಸಾಧ್ಯ.

ಅದಕ್ಕೆ ಬೇಕಾದದ್ದು ಗೀರುಕಂಬ. ಅಂಗಡಿಯಲ್ಲಿ ಸಿಗುವ ಕಂಬಗಳಲ್ಲಿ ಅನೇಕವು ಗಿಡ್ಡವಾಗಿದ್ದು, ಬೆಕ್ಕು ಕೈಯಿಟ್ಟರೆ ಅಲುಗಾಡುತ್ತವೆ. ಒಮ್ಮೆ ಅಲುಗಿದ ಕಂಬವನ್ನು ಬೆಕ್ಕು ಮತ್ತೆ ನಂಬುವುದು ಕಷ್ಟ. ಪೂರ್ತಿ ಮೈಚಾಚಿ ನಿಲ್ಲುವಷ್ಟು, ಅಂದರೆ ಸುಮಾರು 3 ಅಡಿ ಎತ್ತರವಿರಬೇಕು, ಬುಡ ಭಾರವಾಗಿರಬೇಕು. ಕರಾವಳಿಯಲ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಅಡಿಕೆ ಮರದ ತುಂಡೊಂದನ್ನು ಅಗಲವಾದ ಹಲಗೆಗೆ ಭದ್ರವಾಗಿ ಜೋಡಿಸಿ, ಅದಕ್ಕೆ ಕತ್ತದ ಹಗ್ಗವನ್ನು ಸಂದಿಯಿಲ್ಲದಂತೆ ಬಿಗಿಯಾಗಿ ಸುತ್ತಿದರೆ ಆಯಿತು. ಮಲ್ಪೆಯಲ್ಲಿ ಸುಲಭವಾಗಿ ಸಿಗುವ ನೈಲಾನ್ ಹಗ್ಗ ಇದಕ್ಕೆ ಆಗದು. ಅದರಲ್ಲಿ ಉಗುರು ನಾಟುವುದಿಲ್ಲ. ಬಿಚ್ಚಿಕೊಂಡ ಎಳೆಯನ್ನು ಬೆಕ್ಕು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕೆಲವು ಬೆಕ್ಕುಗಳಿಗೆ ನಿಂತ ಕಂಬಕ್ಕಿಂತ ನೆಲದ ಮೇಲೆ ಹಾಸಿದ ಗೋಣಿಚೀಲವೋ ನಾರಿನ ಕಾಲೊರೆಸೋ ಹೆಚ್ಚು ಇಷ್ಟ. ಈಗ ಅದು ಹರಿಯುತ್ತಿರುವುದು ಸೋಫಾವನ್ನೋ ನೆಲಹಾಸನ್ನೋ ಎಂದು ನೋಡಿದರೆ ಯಾವುದು ಬೇಕೆಂಬುದು ತಿಳಿಯುತ್ತದೆ.

ಕಂಬವನ್ನು ಮೂಲೆಯಲ್ಲಿ ಬಚ್ಚಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಅದು ಮೊದಲು ನಿಲ್ಲಬೇಕಾದದ್ದು ಹರಿದ ಸೋಫಾದ ಪಕ್ಕದಲ್ಲೇ. ಅಭ್ಯಾಸವಾದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಬಹುದು. ಸೋಫಾದ ಬದಿಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿದರೆ ಬೆಕ್ಕು ಅತ್ತ ಸುಳಿಯುವುದು ಕಡಿಮೆಯಾಗುತ್ತದೆ. ಫಿನಾಯಿಲ್ ಸಿಂಪಡಿಸುವುದು, ನುಸಿಗುಳಿಗೆ ಇಡುವುದು ಕೂಡದು; ಎರಡೂ ಬೆಕ್ಕಿಗೆ ವಿಷ. ಆಟಿಯ ಮಳೆಯಲ್ಲಿ ಕತ್ತಕ್ಕೆ ಬೂಷ್ಟು ಹಿಡಿಯುವುದರಿಂದ ಆಗಾಗ ಒಣಗಿಸಬೇಕಾದೀತು. ಆದರೆ ಹರಿದು ಜೂಲಾಗಿದೆ ಎಂಬ ಕಾರಣಕ್ಕೆ ಎಸೆಯಬಾರದು. ತನ್ನ ವಾಸನೆಯಿರುವ ಹಳೆಯ ಕಂಬವೇ ಬೆಕ್ಕಿಗೆ ಪ್ರಿಯ.

ಬೇಲಿ ಬದಿಯಲ್ಲಿ ಬೆಳೆಯುವ ಕುಪ್ಪಿಗಿಡದ ಬೇರಿಗೆ ಬೆಕ್ಕುಗಳು ಮರುಳಾಗಿ ಹೊರಳಾಡುವುದುಂಟು. ತಮಿಳಿನಲ್ಲಿ ಈ ಗಿಡಕ್ಕೆ 'ಬೆಕ್ಕು ನಮಿಸುವ ಗಿಡ' ಎಂಬರ್ಥದ ಹೆಸರೇ ಇದೆ. ಆಕರ್ಷಣೆಗೆಂದು ಕಂಬಕ್ಕೆ ಉಜ್ಜಲು ನೋಡುವವರು ಅದನ್ನು ಬೆಕ್ಕು ತಿನ್ನದಂತೆ ನೋಡಿಕೊಳ್ಳುವುದು ಅಗತ್ಯ.

ಎರಡನೆಯ ಕೆಲಸ ಉಗುರಿನ ತುದಿ ಕತ್ತರಿಸುವುದು. ಎರಡು-ಮೂರು ವಾರಗಳಿಗೊಮ್ಮೆ ಸಾಕು. ಪಾದವನ್ನು ಮೇಲಿಂದ ಕೆಳಗಿಂದ ಮೆಲ್ಲನೆ ಅದುಮಿದರೆ ಉಗುರು ಹೊರಬರುತ್ತದೆ. ಒಳಗೆ ಕಾಣುವ ಗುಲಾಬಿ ಬಣ್ಣದ ಭಾಗದಲ್ಲಿ ರಕ್ತನಾಳವೂ ನರವೂ ಇವೆ. ಅದಕ್ಕೆ ತಗಲದಂತೆ, ಕೊಕ್ಕೆಯಂತಿರುವ ಬಿಳಿ ತುದಿಯನ್ನಷ್ಟೇ ತೆಗೆಯಬೇಕು. ತಪ್ಪಿ ರಕ್ತ ಬಂದರೆ ಜೋಳದ ಹಿಟ್ಟನ್ನು ಒತ್ತಿ ಹಿಡಿದರೆ ನಿಲ್ಲುತ್ತದೆ. ಒಂದೇ ಸಲಕ್ಕೆ ಹತ್ತೂ ಉಗುರು ಆಗಬೇಕೆಂಬ ಹಟ ಬೇಡ. ಬೆಕ್ಕು ತೂಕಡಿಸುವ ಹೊತ್ತಿಗೆ ಇಂದು ಎರಡು, ನಾಳೆ ಎರಡು. ಮರಿಯಿದ್ದಾಗಲೇ ಪಾದ ಮುಟ್ಟಿಸಿಕೊಳ್ಳುವ ರೂಢಿ ಮಾಡಿಸಿದವರಿಗೆ ಕಷ್ಟವೇ ಇಲ್ಲ. ಧೈರ್ಯ ಸಾಲದವರು ಪಶುವೈದ್ಯರಲ್ಲಿ ಒಮ್ಮೆ ತೋರಿಸಿಕೊಂಡು ಕಲಿಯಬಹುದು.

ಉಗುರಿಗೆ ಅಂಟಿಸುವ ಮೃದು ಪ್ಲಾಸ್ಟಿಕ್ ಟೋಪಿಗಳೂ ಆನ್‌ಲೈನ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ನಾಲ್ಕರಿಂದ ಆರು ವಾರಗಳಲ್ಲಿ ಉದುರುತ್ತವೆ. ಹೊರಗೆ ತಿರುಗುವ ಬೆಕ್ಕಿಗೆ ಇವು ತಕ್ಕದ್ದಲ್ಲ.

ಗೀರಿದರೆ ಏನು ಮಾಡಬೇಕು?

ಮನೆಯಲ್ಲಿ ಮಕ್ಕಳಿದ್ದವರ, ಮಣಿಪಾಲದ ಆಸ್ಪತ್ರೆಗಳಲ್ಲಿ ದೀರ್ಘ ಚಿಕಿತ್ಸೆ ಪಡೆಯುತ್ತಿರುವ ರೋಗಿಗಳಿದ್ದವರ ಆತಂಕ ಸುಳ್ಳಲ್ಲ. ಬೆಕ್ಕಿನ ಗೀರಿನಿಂದ ಹರಡುವ ಬಾರ್ಟೊನೆಲ್ಲಾ ಎಂಬ ಸೋಂಕು ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಪಾಯಕಾರಿ. ಆದರೆ ಅಂಥ ರೋಗಿಗಳಿಗಾಗಿ ಅಮೆರಿಕದ ಆರೋಗ್ಯ ಇಲಾಖೆ ರೂಪಿಸಿರುವ ಮಾರ್ಗಸೂಚಿಯೂ ಬೆಕ್ಕಿನ ಉಗುರು ತೆಗೆಸಲು ಹೇಳುವುದಿಲ್ಲ. ರೋಗಾಣು ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟದಿಂದ. ಚಿಗಟ ನಿಯಂತ್ರಿಸಬೇಕು, ಕೈಬೆರಳನ್ನೇ ಆಟಿಕೆಯಾಗಿಸಿ ಬೆಕ್ಕನ್ನು ಕೆಣಕುವುದನ್ನು ಬಿಡಬೇಕು ಎಂಬುದು ಅಲ್ಲಿನ ಸಲಹೆ.

ನಮ್ಮಲ್ಲಿ ದೊಡ್ಡ ಭಯ ರೇಬೀಸ್. ಅದು ನಾಯಿಯಿಂದ ಮಾತ್ರ ಬರುತ್ತದೆಂಬ ನಂಬಿಕೆ ತಪ್ಪು. ಬೆಕ್ಕು ಗೀರಿದ ಅಥವಾ ಕಚ್ಚಿದ ಜಾಗವನ್ನು ತತ್‌ಕ್ಷಣ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಕಾಫಿ ಪುಡಿ ಹಚ್ಚಬಾರದು. ರಕ್ತ ಬಾರದ ಸಣ್ಣ ಗೀರಾದರೂ ವೈದ್ಯರಿಗೆ ತೋರಿಸಬೇಕು. ರಕ್ತ ಬಂದಿದ್ದರೆ ಲಸಿಕೆಯ ಜತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಕಾರ್ಕಳದ ತಾಲೂಕು ಆಸ್ಪತ್ರೆ ಸೇರಿದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಬಳಿಕ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸುವುದು ಉಗುರು ತೆಗೆಸುವುದಕ್ಕಿಂತ ಎಷ್ಟೋ ಪಾಲು ದೊಡ್ಡ ರಕ್ಷಣೆ.

ಬೆರಳು ಕತ್ತರಿಸಲೇಬೇಕಾದ ಸಂದರ್ಭಗಳೂ ಇವೆ. ಉಗುರಿನ ಬುಡದಲ್ಲಿ ಗಡ್ಡೆ, ಔಷಧಕ್ಕೆ ಬಗ್ಗದ ಸೋಂಕು, ಅಪಘಾತದಲ್ಲಿ ಜಜ್ಜಿಹೋದ ಬೆರಳು - ಇಂಥಲ್ಲಿ ಪಶುವೈದ್ಯರು ರೋಗವಿರುವ ಬೆರಳನ್ನಷ್ಟೇ ತೆಗೆಯುತ್ತಾರೆ. ಅದು ಚಿಕಿತ್ಸೆ. ವಿದೇಶದಿಂದ ಮರಳುವಾಗ ಈಗಾಗಲೇ ಉಗುರು ತೆಗೆಸಿದ ಬೆಕ್ಕನ್ನು ಜತೆಗೆ ತಂದವರು ಅದನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು. ಮಲವಿಸರ್ಜನೆಯ ತಟ್ಟೆಗೆ ಒರಟು ಹರಳಿನ ಬದಲು ನುಣುಪಾದ ಮರಳು ಹಾಕಬೇಕು. ಅದು ಕುಂಟಿದರೆ, ಜಿಗಿಯಲು ಹಿಂಜರಿದರೆ, ಪಾದವನ್ನು ಮತ್ತೆ ಮತ್ತೆ ನೆಕ್ಕಿಕೊಂಡರೆ ಎಕ್ಸ್-ರೇ ತೆಗೆಸುವುದು ಉತ್ತಮ. ಉಳಿದುಹೋದ ಮೂಳೆಯ ಚೂರೇ ಕಾರಣವಾಗಿದ್ದರೆ ಅದನ್ನು ತೆಗೆದು ನೋವು ಕಡಿಮೆ ಮಾಡಲು ಸಾಧ್ಯವಿದೆ.