ಸ್ಟೀರಿಂಗ್‌ಗಿಂತ ಮೊದಲು ಬ್ರೇಕ್ ನೋಡಿ

ಕಾರ್ ಓಟದ ಸಿಮ್ಯುಲೇಟರಿಗೆ ಸಾಮಾನು ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಸ್ಟೀರಿಂಗ್ ಮೇಲೆ. ಚರ್ಮ ಹೊದಿಸಿದ್ದೋ ರಬ್ಬರಿನದೋ, ಗುಂಡಿಗಳೆಷ್ಟು, ಮೋಟಾರಿಗೆ ಎಷ್ಟು ಬಲ ಎಂದೆಲ್ಲ ವಿಚಾರಿಸುತ್ತಾರೆ. ಕಾಲ ಕೆಳಗಿನ ಪೆಡಲ್‌ಗಳನ್ನು ಡಬ್ಬಿಯೊಳಗೆ ಜೊತೆಗೆ ಬಂದ ಸಾಮಾನಿನಂತೆ ನೋಡುತ್ತಾರೆ. ದುಡ್ಡು ಹಾಕುವ ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ಸಾಧಾರಣ ಪೆಡಲ್ ಮತ್ತು ದುಬಾರಿ ಸ್ಟೀರಿಂಗ್ ಇಟ್ಟುಕೊಂಡವರಿಗಿಂತ, ಸಾಧಾರಣ ಸ್ಟೀರಿಂಗ್ ಮತ್ತು ಒಳ್ಳೆಯ ಬ್ರೇಕ್ ಇಟ್ಟುಕೊಂಡವರು ಬೇಗ ಕಲಿಯುತ್ತಾರೆ.

ಕಾರಣ ಬ್ರೇಕಿನ ಸ್ವಭಾವದಲ್ಲೇ ಇದೆ. ನಿಜದ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಸ್ವಲ್ಪ ದೂರ ಇಳಿದು ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಅದು ಹೆಚ್ಚು ಕದಲುವುದಿಲ್ಲ, ಕಾಲಿನ ಒತ್ತಡವಷ್ಟೇ ಏರುತ್ತದೆ. ಆ ಒತ್ತಡ ಕೊಳವೆಯಲ್ಲಿರುವ ಬ್ರೇಕ್ ಆಯಿಲ್ ಮೂಲಕ ಚಕ್ರಕ್ಕೆ ತಲುಪುತ್ತದೆ; ಎಷ್ಟು ಜೋರಾಗಿ ಒತ್ತಿದಿರೋ ಅಷ್ಟು ಜೋರಾಗಿ ಕಾರು ನಿಧಾನವಾಗುತ್ತದೆ. ಫಾರ್ಮುಲಾ ಒನ್ ಚಾಲಕರು ವೇಗದ ತುದಿಯಿಂದ ತಿರುವಿಗೆ ಇಳಿಯುವಾಗ ಬ್ರೇಕಿನ ಮೇಲೆ ನೂರು ಕಿಲೋಗೂ ಹೆಚ್ಚಿನ ಭಾರ ಹಾಕುತ್ತಾರೆ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ಗೆ ಅಲ್ಲಿ ಅನುಮತಿ ಇಲ್ಲ. ಎಲ್ಲಿಯವರೆಗೆ ಒತ್ತಬಹುದು, ಎಲ್ಲಿ ಬಿಡಬೇಕು ಎಂಬುದನ್ನು ಕಾಲೇ ಅರಿಯಬೇಕು.

ಮನೆಯ ಕುರ್ಚಿಯಲ್ಲಿ ಕೂತವರಿಗೆ ಇನ್ನೊಂದು ಕೊರತೆ ಇದೆ. ನಿಜದ ಕಾರಿನಲ್ಲಿ ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಎಸೆದಂತಾಗಿ ಸೀಟ್‌ಬೆಲ್ಟ್ ಎದೆಗೆ ಒತ್ತುತ್ತದೆ. ಕಾರು ಎಷ್ಟು ನಿಧಾನವಾಗುತ್ತಿದೆ ಎಂಬ ಲೆಕ್ಕ ಬೆನ್ನಿಗೆ, ಹೊಟ್ಟೆಗೆ, ಕತ್ತಿಗೆ ಸಿಗುತ್ತದೆ. ಸಿಮ್ಯುಲೇಟರಿನಲ್ಲಿ ಇದ್ಯಾವುದೂ ಇಲ್ಲ. ಕಣ್ಣು ಕಿವಿಗಳನ್ನು ಬಿಟ್ಟರೆ ಬ್ರೇಕಿನ ಬಗ್ಗೆ ಸುದ್ದಿ ಕೊಡುವುದು ಅಂಗಾಲು ಮಾತ್ರ. ಪೆಡಲ್ ಮೆತ್ತಗಿದ್ದರೆ ಆ ಸುದ್ದಿಯೂ ಇಲ್ಲ.

ಅಗ್ಗದ ಪೆಡಲ್ ಅಳೆಯುವುದು ಒತ್ತಡವನ್ನಲ್ಲ, ದೂರವನ್ನು. ಅದರೊಳಗೆ ಪೊಟೆನ್ಶಿಯೊಮೀಟರ್ ಇರುತ್ತದೆ. ಹಳೆಯ ರೇಡಿಯೋದಲ್ಲಿ ದನಿ ಏರಿಸಲು ತಿರುಗಿಸುತ್ತಿದ್ದ ಗುಂಡಿಯ ಒಳಗಿದ್ದದ್ದು ಅದೇ. ಪೆಡಲ್ ಇಳಿದಷ್ಟೂ ಅದು ತಿರುಗುತ್ತದೆ. ಲೋಹದ ಸಣ್ಣ ನಾಲಿಗೆಯೊಂದು ಪಟ್ಟಿಯ ಮೇಲೆ ಉಜ್ಜುತ್ತ ಸಾಗುವುದರಿಂದ ವರ್ಷಗಳು ಕಳೆದಂತೆ ಸವೆಯುತ್ತದೆ, ಧೂಳು ಹಿಡಿಯುತ್ತದೆ. ಹಾಲ್ ಸೆನ್ಸರ್ ಇರುವ ಪೆಡಲ್‌ನಲ್ಲಿ ಈ ಸವೆತ ಇಲ್ಲ, ಏಕೆಂದರೆ ಅದು ಅಯಸ್ಕಾಂತದ ಚಲನೆಯನ್ನು ಮುಟ್ಟದೆಯೇ ಗುರುತಿಸುತ್ತದೆ. ಬಾಳಿಕೆ ಹೆಚ್ಚು, ಆದರೆ ಅಳತೆ ಈಗಲೂ ದೂರದ್ದೇ. ಆಕ್ಸಿಲರೇಟರ್, ಕ್ಲಚ್‌ಗಳಿಗೆ ಇದು ಧಾರಾಳ ಸಾಕು.

ಬ್ರೇಕಿಗೆ ಬೇಕಾದದ್ದು ಲೋಡ್ ಸೆಲ್. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಕ ಅಳೆಯುವ ಭಾಗವೇ ಇದು. ಭಾರ ಬಿದ್ದಾಗ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯಿಂದ ಭಾರ ತಿಳಿಯುತ್ತದೆ. ಪೆಡಲ್ ಎಷ್ಟು ಇಳಿಯಿತು ಎಂಬುದು ಇಲ್ಲಿ ಗೌಣ. ನಮ್ಮ ಸ್ನಾಯುಗಳು ದೂರಕ್ಕಿಂತ ಬಲವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತವೆ. ಹಾಗಾಗಿ ಅದೇ ತಿರುವಿನಲ್ಲಿ ಅದೇ ಒತ್ತಡವನ್ನು ಸುತ್ತು ಸುತ್ತಿಗೂ ಮರಳಿ ಕೊಡುವುದು ಸುಲಭವಾಗುತ್ತದೆ. ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕನ್ನು ಒಮ್ಮೆಲೇ ಬಿಡದೆ ಮೆಲ್ಲಮೆಲ್ಲನೆ ಸಡಿಲಿಸುವ ಕಲೆಯೂ ಆಗಲೇ ಕಾಲಿಗೆ ದಕ್ಕುವುದು. ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ-ಎಲ್‌ಸಿಎಂ ಇಂಥ ಪೆಡಲ್‌ಗಳಲ್ಲಿ ಕೈಗೆಟುಕುವಂಥದ್ದು. 100 ಕಿಲೋವರೆಗಿನ ಒತ್ತಡವನ್ನು ಅಳೆಯುತ್ತದೆ. ಅಷ್ಟೂ ಒತ್ತಬೇಕೆಂದಿಲ್ಲ, ಮಿತಿಯನ್ನು ಇಳಿಸಿಕೊಳ್ಳಬಹುದು.

ಲೋಡ್ ಸೆಲ್ ತಂದ ಮೇಲೆ ಮನೆಯಲ್ಲಿ ಮೊದಲು ಕೈಕೊಡುವುದು ಕುರ್ಚಿ. ಗಾಲಿಯಿರುವ ಆಫೀಸ್ ಕುರ್ಚಿಯಲ್ಲಿ ಕೂತು ಮೂವತ್ತು ಕಿಲೋ ಭಾರ ಹಾಕಿದರೆ ಪೆಡಲ್ ಇದ್ದಲ್ಲೇ ಇರುತ್ತದೆ, ನೀವು ಹಿಂದಕ್ಕೆ ಹೋಗುತ್ತೀರಿ. ಗಾಲಿ ಇಲ್ಲದ ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಿ, ಪೆಡಲ್ ಹಲಗೆಯನ್ನು ಕುರ್ಚಿಯ ಕಾಲಿಗೆ ಬಿಗಿದರೆ ಆರಂಭಕ್ಕೆ ಸಾಕು. ಆಮೇಲೆ ಬೇಕೆನಿಸಿದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಚೌಕಟ್ಟು ಮಾಡಿಸಿ, ಹಳೆ ಕಾರಿನ ಸೀಟು ಕೂರಿಸಿಕೊಳ್ಳಬಹುದು. ವಿದೇಶದಿಂದ ತರಿಸುವ ಥಳಕಿನ ಚೌಕಟ್ಟುಗಳಿಗೆ ಕೊಡುವ ಹಣ ನನ್ನ ಮಟ್ಟಿಗೆ ದಂಡ.

ಇನ್ನು ಸ್ಟೀರಿಂಗ್. ಅದರೊಳಗಿನ ಮೋಟಾರ್ ಬರಿಯ ನಡುಕ ಹುಟ್ಟಿಸಲು ಇರುವುದಲ್ಲ. ಓಡುವ ಕಾರಿನ ಮುಂದಿನ ಟೈರುಗಳು ತಾವಾಗಿ ನೇರಕ್ಕೆ ಮರಳಲು ಎಳೆಯುತ್ತಿರುತ್ತವೆ. ತಿರುವಿನಲ್ಲಿ ಈ ಎಳೆತ ಏರುತ್ತ ಹೋಗಿ, ಟೈರು ಹಿಡಿತ ಕಳೆದುಕೊಳ್ಳುವ ಸ್ವಲ್ಪ ಮೊದಲೇ ಇಳಿಯತೊಡಗುತ್ತದೆ. ಕೈಯಲ್ಲಿ ಸ್ಟೀರಿಂಗ್ ಹಗುರಾದಂತೆ ಅನಿಸುವ ಆ ಗಳಿಗೆಯೇ ಎಚ್ಚರಿಕೆ. ಒಳ್ಳೆಯ ಸ್ಟೀರಿಂಗ್ ಈ ಇಳಿತವನ್ನು ಮಸುಕಾಗದಂತೆ ತಲುಪಿಸುತ್ತದೆ.

2015ರ ಲಾಜಿಟೆಕ್ ಜಿ29ರಲ್ಲಿ ಮೋಟಾರಿನ ಬಲ ಹಲ್ಲುಚಕ್ರಗಳ ಮೂಲಕ ಬರುತ್ತದೆ. ಕಟಕಟ ಸದ್ದು, ನಡುವೆ ಚೂರು ಸಡಿಲ. ಆದರೆ ಒರಟು ಬಳಕೆಗೆ ತಡೆಯುತ್ತದೆ. ಥ್ರಸ್ಟ್‌ಮಾಸ್ಟರ್ ಟಿ300ರಲ್ಲಿ ಬೆಲ್ಟ್ ಇರುವುದರಿಂದ ನಯ ಹೆಚ್ಚು. ಡೈರೆಕ್ಟ್ ಡ್ರೈವ್‌ನಲ್ಲಿ ನಡುವೆ ಏನೂ ಇಲ್ಲ, ಮೋಟಾರಿನ ದಂಡಕ್ಕೇ ಸ್ಟೀರಿಂಗ್ ಕೂರುತ್ತದೆ. ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿದ್ದ ಇದನ್ನು ಜರ್ಮನಿಯ ಫ್ಯಾನಟೆಕ್ 2021ರಲ್ಲಿ ಸಿಎಸ್ಎಲ್ ಡಿಡಿ ಎಂಬ ಮಾದರಿಯಿಂದ ಮಧ್ಯಮ ಬೆಲೆಗೆ ಇಳಿಸಿತು. ಚೀನಾದ ಮೋಜಾ ಮುಂತಾದವು ಬೆನ್ನುಹತ್ತಿದವು.

ಬಲವನ್ನು ನ್ಯೂಟನ್ ಮೀಟರಿನಲ್ಲಿ ಹೇಳುತ್ತಾರೆ. ಜಿ29 ಸುಮಾರು 2, ಸಿಎಸ್ಎಲ್ ಡಿಡಿ 5, ದೊಡ್ಡ ಪವರ್ ಸಪ್ಲೈ ಹಾಕಿದರೆ 8. ಮೂವತ್ತು ಸೆಂಟಿಮೀಟರ್ ಅಗಲದ ಸ್ಟೀರಿಂಗ್‌ನ ಅಂಚಿನಲ್ಲಿ 5 ನ್ಯೂಟನ್ ಮೀಟರ್ ಎಂದರೆ ಮೂರೂವರೆ ಕಿಲೋದಷ್ಟು ಎಳೆತ. ಮೋಟಾರ್ ತೀರ ದುರ್ಬಲವಾಗಿದ್ದರೆ ಆಟ ಕೇಳುವ ಬಲ ಅದರ ಮಿತಿ ಮೀರಿ, ಮೇಲ್ತುದಿಯ ಸೂಕ್ಷ್ಮ ಏರಿಳಿತಗಳೆಲ್ಲ ಒಂದೇ ಮಟ್ಟವಾಗಿಬಿಡುತ್ತವೆ. 5ರಿಂದ 8ರೊಳಗಿನದು ಬಹುತೇಕರಿಗೆ ಸಾಕು. ಫಿನ್ಲೆಂಡಿನ ಸಿಮ್ಯುಕ್ಯೂಬ್ 2 ಪ್ರೊ 25ರವರೆಗೆ ಹೋಗುತ್ತದೆ. ಅಂಥದ್ದು ಕಾರು ಗೋಡೆಗೆ ಬಡಿದಾಗ ಹೆಬ್ಬೆರಳನ್ನು ತಿರುಚಬಲ್ಲದು, ಅದಕ್ಕೇ ಜೊತೆಗೆ ತುರ್ತು ನಿಲುಗಡೆಯ ಗುಂಡಿ ಕೊಡುತ್ತಾರೆ. ಮಕ್ಕಳಿರುವ ಮನೆಯಲ್ಲಿ ಬಲವನ್ನು ಇಳಿಸಿಟ್ಟಿರಿ.

ಡಬ್ಬಿಯ ಮೇಲಿನ ಹೆಸರನ್ನೂ ಗಮನವಿಟ್ಟು ಓದಿ. ನೋಡಲು ಒಂದೇ ಥರ ಇದ್ದರೂ ಜಿ29 ಪ್ಲೇಸ್ಟೇಷನ್‌ಗೆ, ಜಿ920 ಎಕ್ಸ್‌ಬಾಕ್ಸ್‌ಗೆ. ಅದಲು ಬದಲು ನಡೆಯದು. ಕಂಪ್ಯೂಟರಿಗೆ ಎರಡೂ ಒಗ್ಗುತ್ತವೆ.

ಎಲ್ಲರಿಗೂ ಓಟವೇ ಬೇಕೆಂದಿಲ್ಲ. ಯೂರೋ ಟ್ರಕ್ ಸಿಮ್ಯುಲೇಟರ್ 2 ಆಟದಲ್ಲಿ ಕೆಎಸ್ಆರ್‌ಟಿಸಿ ಬಣ್ಣದ ಬಸ್ಸು ಕೂರಿಸಿಕೊಂಡು ಗಂಟೆಗಟ್ಟಲೆ ಓಡಿಸುವ ಹುಡುಗರು ನಮ್ಮಲ್ಲಿದ್ದಾರೆ. ಅವರಿಗೆ ನನ್ನ ಮೇಲಿನ ವಾದ ಅನ್ವಯಿಸುವುದಿಲ್ಲ. ಎರಡೂವರೆ ಸುತ್ತು, ಅಂದರೆ 900 ಡಿಗ್ರಿ ತಿರುಗುವ ಸ್ಟೀರಿಂಗ್ ಇದ್ದರೆ ಆಯಿತು. ಲೋಡ್ ಸೆಲ್‌ಗೆ ಹಣ ಹಾಕಬೇಡಿ.

ಹಳೆಯದನ್ನು ಕೊಳ್ಳುವವರು ಬರಿಯ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಎದುರಿಗೆ ನಿಂತು ಕಂಪ್ಯೂಟರಿಗೆ ಜೋಡಿಸಿ ನೋಡಿ. ಜಿ29 ಥರದವು ಕರೆಂಟು ಕೊಟ್ಟೊಡನೆ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿ ನಡುವಿಗೆ ಬಂದು ನಿಲ್ಲಬೇಕು. ನಡುವೆ ಸಿಕ್ಕಿಕೊಂಡರೆ, ಓರೆಯಾಗಿ ನಿಂತರೆ ಬಿಟ್ಟುಬಿಡಿ. ಆಮೇಲೆ ಸೆಟ್ಟಿಂಗ್ಸ್ ಪರದೆ ತೆರೆದು ಪ್ರತಿ ಪೆಡಲನ್ನೂ ನಿಧಾನವಾಗಿ ಒತ್ತಿ. ಪರದೆಯ ಪಟ್ಟಿ ಒಂದೇ ಸಮ ಏರಬೇಕು. ಅದು ಹಾರುತ್ತಿದ್ದರೆ, ನಡುಗುತ್ತಿದ್ದರೆ ಪೊಟೆನ್ಶಿಯೊಮೀಟರಿಗೆ ಧೂಳು ಹಿಡಿದಿದೆ ಅಥವಾ ಅದು ಸವೆದಿದೆ. ಧೂಳಾದರೆ ಸ್ವಚ್ಛ ಮಾಡಿದರೆ ಸರಿಹೋದೀತು. ಸವೆದಿದ್ದರೆ ಬಿಡಿಭಾಗ ಬದಲಿಸಬೇಕು. ಆ ಖರ್ಚನ್ನು ಮಾರುವವರ ಬೆಲೆಯಲ್ಲೇ ಕಳೆಯಿರಿ.