ರಕ್ತದೊಳಗಿನ ಸಾಕ್ಷಿ

ಒಂದು ಮಿಲಿಮೀಟರು ಉದ್ದದ ಹುಳುವಿಗೂ ಮನುಷ್ಯನ ರೋಗಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅಂಥ ಹುಳುವಿನಲ್ಲಿಯೇ ೧೯೯೩ರಲ್ಲಿ ಅಮೇರಿಕದ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕುನ್ ಎಂಬ ವಿಜ್ಞಾನಿಗಳು ಮೈಕ್ರೋ ಆರ್‌ಎನ್‌ಎ ಎಂಬ ವಸ್ತುವನ್ನೂ ಅದರ ಕಾರ್ಯವನ್ನೂ ಕಂಡುಹಿಡಿದರು. ಸುಮಾರು ೨೨ ಅಕ್ಷರಗಳಷ್ಟೇ ಉದ್ದದ ಈ ತುಣುಕು, ಪ್ರೋಟೀನಿನ ತಯಾರಿಕೆಗೆಂದು ಜೀವಕೋಶದಲ್ಲಿ ಹೊರಟ ಆಜ್ಞಾಪತ್ರಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ. ಏಳು ವರ್ಷಗಳ ತರುವಾಯ ಮನುಷ್ಯನಲ್ಲಿಯೂ ಇಂಥವು ಇರುವುದು ತಿಳಿದುಬಂದಿತು. ೨೦೨೪ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು.

ತಡೆಯುವವನು ಇಲ್ಲವಾದರೆ ಅನರ್ಥವು ತಪ್ಪದು. ಒಂದು ಬಗೆಯ ರಕ್ತದ ಕ್ಯಾನ್ಸರಿನ ಅನೇಕ ರೋಗಿಗಳಲ್ಲಿ ಇಂಥ ಎರಡು ತುಣುಕುಗಳು ಲೋಪವಾಗಿಯೋ ತಗ್ಗಿಯೋ ಇರುವುದನ್ನು ಜಾರ್ಜ್ ಕ್ಯಾಲಿನ್, ಕಾರ್ಲೋ ಕ್ರೋಚೆ ಮೊದಲಾದವರು ೨೦೦೨ರಲ್ಲಿ ತೋರಿಸಿದರು. ಇವು ರಕ್ತದ ದ್ರವಭಾಗದಲ್ಲಿಯೂ ಕೆಡದೆ ಉಳಿಯುವುದು ೨೦೦೮ರಲ್ಲಿ ಗೊತ್ತಾಗಲು, ಸ್ವಲ್ಪ ರಕ್ತದಿಂದಲೇ ರೋಗವನ್ನು ಮೊದಲೇ ಅರಿಯಬಹುದೆಂಬ ಆಸೆಯು ಚಿಗುರಿತು.

ಆಸೆಯು ಸಾಧುವಾದುದೇ. ಆದರೆ ರಕ್ತವನ್ನು ತೆಗೆಯುವಾಗ ಕೆಂಪುಕಣಗಳು ಒಡೆದರೂ ಕೆಲವು ತುಣುಕುಗಳ ಪ್ರಮಾಣವು ಏರುತ್ತದೆ. ಒಂದೇ ತುಣುಕು ಹಲವು ರೋಗಗಳಲ್ಲಿ ಏರಿಳಿಯುವುದೂ ಉಂಟು. ಸಾಕ್ಷಿಯನ್ನು ಪರಿಶೀಲಿಸದೆ ನ್ಯಾಯಸ್ಥಾನವು ತೀರ್ಪು ಕೊಡುವುದಿಲ್ಲ. ದೇಹದ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರವು ಸಲ್ಲದು. ಬೇರೆಬೇರೆ ಪ್ರಯೋಗಶಾಲೆಗಳಲ್ಲಿ ಒಂದೇ ಫಲವು ಬರುವವರೆಗೆ, ಇಂಥ ಪರೀಕ್ಷೆಯೊಂದನ್ನೇ ನಂಬಿ ಯಾರಿಗೂ ರೋಗದ ಭಯವನ್ನಾಗಲಿ ಆರೋಗ್ಯದ ಅಭಯವನ್ನಾಗಲಿ ಕೊಡಲಾಗದೆಂಬುದು ನಮ್ಮ ದೃಢವಾದ ಅಭಿಪ್ರಾಯವು.