ಗಾಡಿಗೆ ಸಿಬಿ ರೇಡಿಯೊ ಹಾಕಿಸಿದರೆ ಸಿಮ್ ಇಲ್ಲದೆ 50 ಕಿ.ಮೀ. ಮಾತಾಡಬಹುದೇ? ಲೈಸೆನ್ಸ್ ನಿಜವಾಗಿಯೂ ಬೇಡವೇ?

ಸಿಮ್ ಬೇಡ, ಟವರ್ ಬೇಡ, ರೀಚಾರ್ಜ್ ಬೇಡ. ಸಣ್ಣ ಡಬ್ಬಿ ಗಾಡಿಗೆ ಹಾಕಿಸಿ, 50 ಕಿ.ಮೀ. ಮಾತಾಡಿ, ಲೈಸೆನ್ಸೂ ಬೇಡ. ಈ ಧಾಟಿಯ ಮೆಸೇಜುಗಳು ಥಾರ್, ಬೊಲೆರೊ ಇಟ್ಟುಕೊಂಡವರ ಗ್ರೂಪುಗಳಲ್ಲಿ ಓಡಾಡುತ್ತವೆ. ಜಮಖಂಡಿ, ಮುಧೋಳ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೂ ಇದು ಆಸೆ ಹುಟ್ಟಿಸುವ ಮಾತೇ. ಹುನ್ನೂರಿನ ಹೊಲದಲ್ಲಿ ಲೋಡ್ ಆಗುವ ಗಾಡಿ, ಫ್ಯಾಕ್ಟರಿ ಗೇಟಿನ ಸಾಲಿನಲ್ಲಿ ನಿಂತ ಗಾಡಿ, ಎರಡೂ ಮಾತಾಡಿಕೊಂಡರೆ ಎಷ್ಟು ಡೀಸೆಲ್ ಉಳಿದೀತು!

ಮೆಸೇಜಿನಲ್ಲಿ ಅರ್ಧ ಸತ್ಯ ಇದೆ. ತೊಂದರೆ ಇರುವುದೂ ಅಲ್ಲೇ.

ಲೈಸೆನ್ಸ್ ಬೇಡ ಎನ್ನುವುದು ಯಾವುದಕ್ಕೆ?

ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರು ಬಳಸಲೆಂದು ಬಿಟ್ಟ ರೇಡಿಯೊ ಪಟ್ಟಿ. ಅಮೆರಿಕದಲ್ಲಿ 1958ರಲ್ಲಿ 27 ಮೆಗಾಹರ್ಟ್ಸ್ ಸುತ್ತ ಇದನ್ನು ತೆರೆದರು. 1970ರ ದಶಕದಲ್ಲಿ ಅಲ್ಲಿನ ಲಾರಿ ಚಾಲಕರು ಇದನ್ನು ಮನೆಮಾತು ಮಾಡಿದರು. ಭಾರತದಲ್ಲಿ 2005ರ ನಿಯಮದ ಪ್ರಕಾರ 26.957ರಿಂದ 27.283 ಮೆಗಾಹರ್ಟ್ಸ್ ವರೆಗೆ, ಗರಿಷ್ಠ 5 ವ್ಯಾಟ್ ಶಕ್ತಿಯ ಸೆಟ್ಟಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಸೆಟ್ಟಿನ ಆ ಮಾದರಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮೋದನೆ ಇರಬೇಕು. ಬೇರೆಯವರಿಗೆ ಅಡ್ಡಿ ಮಾಡಬಾರದು. ನಮಗೆ ಅಡ್ಡಿಯಾದರೆ ರಕ್ಷಣೆ ಕೇಳುವಂತೆಯೂ ಇಲ್ಲ. ಮಕ್ಕಳ ರಿಮೋಟ್ ಕಾರುಗಳೂ ಇದೇ ಪಟ್ಟಿಯಲ್ಲಿ ಓಡುತ್ತವೆ, ಜಗಳಕ್ಕೆ ಹೋಗುವಂತಿಲ್ಲ.

ಇಲ್ಲಿ ಒಂದು ಲೆಕ್ಕ ನೋಡಿ. ಹೊರದೇಶದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ 40 ಚಾನೆಲ್ ಇರುತ್ತವೆ, 27.405 ಮೆಗಾಹರ್ಟ್ಸ್ ವರೆಗೆ. ನಮ್ಮ ಮಿತಿ 27.283ಕ್ಕೆ ಮುಗಿಯಿತು. 27ನೇ ಚಾನೆಲ್ ಇರುವುದು 27.275ರಲ್ಲಿ, 28ನೆಯದು 27.285ರಲ್ಲಿ. ಅಂದರೆ 28ರಿಂದ 40ರ ತನಕದ ಚಾನೆಲ್‌ಗಳು ನಮ್ಮ ವಿನಾಯಿತಿಯ ಹೊರಗೆ. ಕೆಲವು ಸೆಟ್ಟುಗಳಲ್ಲಿರುವ 12 ವ್ಯಾಟಿನ ಎಸ್‌ಎಸ್‌ಬಿ ಬಟನ್ನೂ, ಶಕ್ತಿ ಹೆಚ್ಚಿಸುವ ಬೂಸ್ಟರ್‌ಗಳೂ ಅಷ್ಟೇ.

ಇದಕ್ಕಿಂತ ದೊಡ್ಡ ಮೋಸ ಬೇರೆ ಇದೆ. ಸಿಬಿ ಎಂದು ಹೆಸರು ಹೇಳಿ, ಕೈಗೆ ಬರುವುದು ಅಗ್ಗದ ವಿಎಚ್‌ಎಫ್-ಯುಎಚ್‌ಎಫ್ ವಾಕಿಟಾಕಿ. 136ರಿಂದ 174, 400ರಿಂದ 520 ಮೆಗಾಹರ್ಟ್ಸ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ಸಿಬಿ ಅಲ್ಲವೇ ಅಲ್ಲ. ಅದಕ್ಕೆ ಲೈಸೆನ್ಸ್ ಬೇಕು. ಪೊಲೀಸ್ ಮತ್ತು ತುರ್ತು ಸೇವೆಗಳೂ ಈ ಪಟ್ಟಿಗಳನ್ನು ಬಳಸುತ್ತವೆ, ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳುವುದೇ ತಪ್ಪು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಾಕಿಟಾಕಿಗಳ ಅನಧಿಕೃತ ಮಾರಾಟದ ವಿಚಾರದಲ್ಲಿ ಆನ್‌ಲೈನ್ ವೇದಿಕೆಗಳಿಗೆ 13 ನೋಟಿಸ್ ಕೊಟ್ಟಿತು. ಆನ್‌ಲೈನಿನಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ ಇಟ್ಟುಕೊಳ್ಳಬಹುದು ಎಂದಲ್ಲ. ಕೊಳ್ಳುವ ಮೊದಲು ಫ್ರೀಕ್ವೆನ್ಸಿ ಎಷ್ಟು, ಇಟಿಎ ಪ್ರಮಾಣಪತ್ರ ಎಲ್ಲಿ ಎಂದು ಎರಡೇ ಪ್ರಶ್ನೆ ಕೇಳಿ. ಮಾರುವವರು ತಡವರಿಸಿದರೆ ಬಿಡಿ.

50 ಕಿ.ಮೀ. ಎಲ್ಲಿಂದ ಬಂತು?

ಗಾಡಿಯಿಂದ ಗಾಡಿಗೆ ಸಿಬಿ ಮಾತು ಮುಖ್ಯವಾಗಿ ನೆಲದ ಮೇಲೆಯೇ ಸಾಗುತ್ತದೆ. ಬಯಲಿನಲ್ಲಿ ಐದಾರು ಕಿ.ಮೀ. ಸಿಕ್ಕರೆ ಒಳ್ಳೆಯದೆನ್ನಿ, ಎತ್ತರದ ದಿಬ್ಬದಲ್ಲಿ ನಿಂತರೆ ಇನ್ನಷ್ಟು. ನಡುವೆ ಗುಡ್ಡ ಬಂದರೆ ಒಂದೆರಡಕ್ಕೇ ನಿಂತೀತು. ಜಮಖಂಡಿಯಿಂದ ಮುಧೋಳ ಸುಮಾರು 20 ಕಿ.ಮೀ.; ಅಷ್ಟನ್ನೂ ಇದರ ಮೇಲೆ ನಂಬಬೇಡಿ.

ಒಮ್ಮೊಮ್ಮೆ ನೂರಾರು, ಸಾವಿರಾರು ಕಿ.ಮೀ. ದೂರದವರ ದನಿ ಕೇಳುವುದೂ ನಿಜ. ಸೂರ್ಯನ ಚಟುವಟಿಕೆ ಜೋರಿದ್ದಾಗ 27 ಮೆಗಾಹರ್ಟ್ಸ್ ಅಲೆಗಳು ಮೇಲಿನ ಅಯಾನುಗೋಳಕ್ಕೆ ಬಡಿದು ದೂರದೂರಿಗೆ ಇಳಿಯುತ್ತವೆ. ತಮಾಷೆ ಎಂದರೆ, ಹಾಗೆ ಹಾರಿದ ಅಲೆ ನಡುವಿನ ಊರುಗಳನ್ನು ದಾಟಿಯೇ ಹೋಗುತ್ತದೆ. ಹೊರದೇಶದ ಯಾರದೋ ಮಾತು ಕೇಳೀತು, 50 ಕಿ.ಮೀ. ಆಚೆಯ ಗೆಳೆಯನದು ಕೇಳದು.

ಪೊಲೀಸರ ಮಾತು ಕೇಳಬಹುದು ಎಂಬ ಸೇರ್ಪಡೆಯೂ ಸುಳ್ಳು. ಅವರ ಜಾಲ ಈ ಪಟ್ಟಿಯಲ್ಲಿಲ್ಲ.

ಹಾಕಿಸುವಾಗ: ಡಬ್ಬಿಗಿಂತ ಆಂಟೆನಾ ಮುಖ್ಯ

ಜನ ದುಡ್ಡು ಸುರಿಯುವುದು ಡಬ್ಬಿಗೆ, ಉಳಿಸುವುದು ಆಂಟೆನಾದಲ್ಲಿ. ಉಲ್ಟಾ ಆಗಬೇಕಿತ್ತು. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ ಅಂದರೂ 2.75 ಮೀಟರ್, ಹತ್ತಿರ ಹತ್ತಿರ ಒಂಬತ್ತು ಅಡಿ. ಅಷ್ಟುದ್ದದ ಕೋಲು ಗಾಡಿ ಮೇಲೆ ಕಷ್ಟ, ಹಾಗಾಗಿ ಬುಡದಲ್ಲೋ ನಡುವೆಯೋ ತಂತಿ ಸುರುಳಿ ಸುತ್ತಿ ಗಿಡ್ಡ ಮಾಡುತ್ತಾರೆ. ಗಿಡ್ಡ ಆದಷ್ಟೂ ದೂರ ಕಡಿಮೆ. ಒಂದು ಅಡಿಯ ಚೆಂದದ ಆಂಟೆನಾ ನೋಡಲಿಕ್ಕಷ್ಟೇ.

ಆಂಟೆನಾದ ಇನ್ನರ್ಧ ಗಾಡಿಯ ಲೋಹದ ಮೈ. ಕಬ್ಬಿಣದ ಟಾಪಿನ ಬೊಲೆರೊಗೆ ನೆತ್ತಿಯ ನಡುವೆ ಕೂರಿಸಿದರೆ ಎಲ್ಲ ದಿಕ್ಕಿಗೂ ಸಮವಾಗಿ ಹೋಗುತ್ತದೆ. ಬಟ್ಟೆ ಅಥವಾ ಫೈಬರ್ ಟಾಪಿನ ಥಾರ್, ಹಳೆ ಜೀಪುಗಳಿಗೆ ಬಾನೆಟ್ಟಿನ ಅಂಚು, ಹಿಂದಿನ ಮೂಲೆಯ ಬ್ರಾಕೆಟ್ಟೇ ಗತಿ. ಬ್ರಾಕೆಟ್ ಕೂರುವಲ್ಲಿ ಪೇಂಟು ಕೆರೆದು ಲೋಹಕ್ಕೆ ಲೋಹ ತಾಗಿಸಬೇಕು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚಬೇಕು. ಸೆಟ್ ಸರಿ ಇಲ್ಲ ಎಂದು ಬೈಸಿಕೊಳ್ಳುವ ಎಷ್ಟೋ ಕಡೆ ತಪ್ಪು ಈ ಪೇಂಟಿನದು.

ಕರೆಂಟನ್ನು ಸಿಗರೇಟ್ ಲೈಟರ್ ತೂತಿನಿಂದ ತೆಗೆಯದೆ ನೇರ ಬ್ಯಾಟರಿಯಿಂದ ತನ್ನಿ; ಗೊರಗೊರ ಸದ್ದು ಕಡಿಮೆಯಾಗುತ್ತದೆ. 4 ವ್ಯಾಟಿನ ಸೆಟ್ ಮಾತಾಡುವಾಗ ಒಂದೆರಡು ಆಂಪಿಯರ್ ಎಳೆಯುತ್ತದೆ, ಅಷ್ಟೇನಲ್ಲ. ಆದರೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಸೆಟ್ಟಿನ ಪಕ್ಕದಲ್ಲಿ ಮಾತ್ರ ಅಲ್ಲ. ಬಾನೆಟ್ಟಿನಿಂದ ಒಳಬರುವ ತೂತಿನಲ್ಲಿ ರಬ್ಬರ್ ಬುಶ್ ಇಲ್ಲದೆ ವೈರ್ ತೂರಿಸಿದರೆ, ಕಚ್ಚಾ ದಾರಿಯ ಕುಲುಕಾಟಕ್ಕೆ ಅದು ಉಜ್ಜಿ ಶಾರ್ಟ್ ಆಗುತ್ತದೆ. ಫ್ಯೂಸ್ ದೂರ ಇದ್ದರೆ ಬೆಂಕಿ. ಇದೊಂದನ್ನು ಮೆಕ್ಯಾನಿಕ್ ಎದುರು ನಿಂತು ನೋಡಿಕೊಳ್ಳಿ.

ಡ್ಯಾಶ್‌ಬೋರ್ಡಿನಲ್ಲಿ ಜಾಗ ಇಲ್ಲದವರಿಗೆ ಎಲ್ಲ ಬಟನ್ನೂ ಮೈಕಿನಲ್ಲೇ ಇರುವ ಸಣ್ಣ ಸೆಟ್ ಅನುಕೂಲ. ಡಬ್ಬಿ ಸೀಟಿನ ಕೆಳಗೆ ಹೋಗುತ್ತದೆ. ಏರ್‌ಬ್ಯಾಗ್ ಉಬ್ಬುವ ಜಾಗದಲ್ಲಿ ಏನನ್ನೂ ಕೂರಿಸಬೇಡಿ. ಮೈಕ್ ಪಕ್ಕದ ಸೀಟಿನವರ ಕೈಯಲ್ಲಿರಲಿ, ಚಾಲಕನ ಕೈಯಲ್ಲಲ್ಲ.

ಕೊನೆಗೆ ಎಸ್‌ಡಬ್ಲ್ಯುಆರ್ ಮೀಟರ್. ಕಳಿಸಿದ ಶಕ್ತಿಯಲ್ಲಿ ಆಂಟೆನಾ ಎಷ್ಟನ್ನು ವಾಪಸ್ ತಳ್ಳುತ್ತಿದೆ ಎಂದು ಇದು ತೋರಿಸುತ್ತದೆ. 1.5ರ ಒಳಗೆ ಇದ್ದರೆ ಚೆನ್ನ, 3 ದಾಟಿದರೆ ಸೆಟ್ ಸುಡುವ ಭಯ. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ಮುಚ್ಚಿ 1ನೇ ಮತ್ತು 27ನೇ ಚಾನೆಲ್‌ನಲ್ಲಿ ಅಳೆಯಿರಿ. 1ರಲ್ಲಿ ಹೆಚ್ಚು ಬಂದರೆ ಆಂಟೆನಾ ಗಿಡ್ಡ, ತುಸು ಉದ್ದ ಮಾಡಿ. 27ರಲ್ಲಿ ಹೆಚ್ಚು ಬಂದರೆ ಉದ್ದ, ತುಸು ಇಳಿಸಿ. ಆಂಟೆನಾ ಜೋಡಿಸದೆ ಮೈಕ್ ಒತ್ತಲೇಬೇಡಿ.

ಎಲ್ಲ ಸರಿ ಇದ್ದೂ ಬರೀ ಸದ್ದು ಬರುತ್ತಿದ್ದರೆ ಮೇಲಿನ ಎಲ್‌ಇಡಿ ಲೈಟ್ ಬಾರ್ ಆರಿಸಿ ನೋಡಿ. ಅಗ್ಗದ ಲೈಟ್ ಬಾರುಗಳಿಗೆ ಈ ಚಾಳಿ ಇದೆ. ಇನ್ನು ಹೊಲದ ದಾರಿಯಲ್ಲಿ ಜೋತುಬಿದ್ದ ಕರೆಂಟ್ ತಂತಿ ಕಂಡರೆ ಇಳಿದು ಆಂಟೆನಾ ಬಗ್ಗಿಸಿ ಕಟ್ಟಿ, ಆಮೇಲೆ ಮುಂದೆ ಹೋಗಿ.

ಹೊಳೆ ಬಂದಾಗ?

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಜಮಖಂಡಿ ತಾಲೂಕಿನ ನದಿದಂಡೆಯ ಊರುಗಳು ನೀರಲ್ಲಿ ನಿಂತಿದ್ದವು. ಅಂಥ ಹೊತ್ತಿಗೆ ಟವರ್ ಹೋದರೆ ಸಿಬಿ ಇದೆಯಲ್ಲ ಎಂದು ಕೂರುವುದು ಸರಿಯಲ್ಲ. ನಮ್ಮಲ್ಲಿ ಆ ಚಾನೆಲ್‌ಗೆ ಕಿವಿಗೊಟ್ಟು ಕೂತವರು ಯಾರೂ ಇರುವುದಿಲ್ಲ; ಇನ್ನೊಂದು ಸೆಟ್ ಇರುವ ಗಾಡಿ ಹತ್ತಿರದಲ್ಲಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. 112 ಸಿಗುವ ಜಾಗಕ್ಕೆ ಮೊದಲು ಹೋಗಿ.

ಎರಡು ಗಾಡಿ ಒಂದೆರಡು ಕಿ.ಮೀ. ಒಳಗೇ ಇದ್ದರೆ 446.0ರಿಂದ 446.2 ಮೆಗಾಹರ್ಟ್ಸ್‌ನ ಅರ್ಧ ವ್ಯಾಟಿನ ಕೈಸೆಟ್ ಸಾಕು. ಅದಕ್ಕೂ ಲೈಸೆನ್ಸ್ ಬೇಡ, ಇಟಿಎ ಬೇಕು, ವೈರಿಂಗ್ ಇಲ್ಲವೇ ಇಲ್ಲ. ನಿಜಕ್ಕೂ ದೂರ ಮಾತಾಡಬೇಕು, ವಿಪತ್ತಿನಲ್ಲಿ ನೆರವಾಗಬೇಕು ಎನ್ನುವವರು ಹ್ಯಾಮ್ ಪರೀಕ್ಷೆ ಬರೆಯಬಹುದು. 12 ವರ್ಷ ತುಂಬಿದವರು ಯಾರಾದರೂ ಸರಿ. ಆದರೆ ಹ್ಯಾಮ್ ಲೈಸೆನ್ಸಿನಲ್ಲಿ ವ್ಯಾಪಾರದ ಮಾತು ನಿಷಿದ್ಧ, ಕಬ್ಬಿನ ಲೋಡಿನ ಲೆಕ್ಕ ಅಲ್ಲಿ ಹೇಳುವಂತಿಲ್ಲ.